ಮೊದಲ ಪೇಸ್ಲಿಪ್ ನೋಡಿ ಗಾಬರಿಯಾಗಬೇಡಿ: ಜರ್ಮನಿಗೆ ಬಂದ ಹೊಸ ಕುಟುಂಬಗಳಿಗೆ ಸಂಬಳದ ಲೆಕ್ಕ

ಜರ್ಮನಿಗೆ ಬಂದವರು ಇಲ್ಲಿನ ನಮ್ಮ ಕನ್ನಡಿಗರ ಸಂಘಕ್ಕೆ ಮೊದಲ ಸಲ ಫೋನ್ ಮಾಡುವುದು ಮನೆ ಹುಡುಕುವಾಗ. ಎರಡನೇ ಸಲ ಮಾಡುವುದು ಮೊದಲ ಸಂಬಳ ಬಂದ ದಿನ. "ಆಫರ್ ಲೆಟರ್‌ನಲ್ಲಿ ಐದು ಸಾವಿರ ಅಂತ ಇತ್ತು. ಅಕೌಂಟಿಗೆ ಮೂರು ಸಾವಿರ ಚಿಲ್ಲರೆ ಬಂದಿದೆ. ಏನೋ ತಪ್ಪಾಗಿದೆ ಅಲ್ವಾ?" ಸಾಮಾನ್ಯವಾಗಿ ಏನೂ ತಪ್ಪಾಗಿರುವುದಿಲ್ಲ. ಆ ಐದು ಸಾವಿರ ಯಾವ ಲೆಕ್ಕದ್ದು ಎನ್ನುವುದು ಗೊತ್ತಿರುವುದಿಲ್ಲ, ಅಷ್ಟೇ.

ಬೆಂಗಳೂರಿನಲ್ಲಿ ನಾವೆಲ್ಲ ಸಿಟಿಸಿ (ನಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು) ಭಾಷೆಯಲ್ಲಿ ಮಾತಾಡಿ ಅಭ್ಯಾಸ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಕೆಲವು ಕಡೆ ಆಫೀಸಿನ ಊಟದ ಕೂಪನ್ನು ಕೂಡ ಅದರೊಳಗೆ ಸೇರಿರುತ್ತದೆ. ಇಲ್ಲಿ ಆಫರ್ ಲೆಟರ್‌ನಲ್ಲಿ ಬರೆಯುವುದು 'ಬ್ರೂಟೊ'. ಅದು ಸಿಟಿಸಿಯೂ ಅಲ್ಲ, ಕೈಗೆ ಬರುವ ದುಡ್ಡೂ ಅಲ್ಲ. ಎರಡರ ನಡುವೆ ನಿಂತಿರುವ ಸಂಖ್ಯೆ. ಬ್ರೂಟೊದಿಂದ ಕೆಳಗೆ ಇಳಿದರೆ ನಿಮ್ಮ ಕೈಗೆ ಬರುವ 'ನೆಟ್ಟೊ' ಸಿಗುತ್ತದೆ. ಮೇಲೆ ಹತ್ತಿದರೆ ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ಬೀಳುವ ಖರ್ಚು ಸಿಗುತ್ತದೆ. ಆ ಮೇಲಿನ ಖರ್ಚು ನಿಮ್ಮ ಪೇಸ್ಲಿಪ್ಪಿನಲ್ಲಿ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಸಂಬಳ ಜಾಸ್ತಿ ಮಾಡಿ ಎಂದು ಕೇಳುವಾಗ ಮ್ಯಾನೇಜರ್ ತಲೆಯಲ್ಲಿ ಓಡುವುದು ಅದೇ.

ಕೆಳಗಿನ ಅಂಕಿಗಳು 2026ರವು. ಪ್ರತಿ ಜನವರಿಯಲ್ಲಿ ಇವುಗಳಲ್ಲಿ ಹಲವು ಬದಲಾಗುತ್ತವೆ.

ತಿಂಗಳಿಗೆ 5,000 ಯೂರೋ: ಎಲ್ಲಿ ಹೋಗುತ್ತದೆ?

ಇಲ್ಲಿ ಸಂಬಳದಿಂದ ನಾಲ್ಕು ವಿಮೆಗಳಿಗೆ ದುಡ್ಡು ಕಡಿಯುತ್ತಾರೆ. ಪಿಂಚಣಿ ವಿಮೆ ಶೇ. 18.6. ನಿರುದ್ಯೋಗ ವಿಮೆ ಶೇ. 2.6. ಆರೋಗ್ಯ ವಿಮೆ ಶೇ. 14.6, ಅದರ ಮೇಲೆ ನಿಮ್ಮ ಕ್ರಾಂಕನ್‌ಕಾಸ್ಸೆ (ಆರೋಗ್ಯ ವಿಮೆಯ ಸಂಸ್ಥೆ) ಹಾಕುವ ಹೆಚ್ಚುವರಿ, ಸರಾಸರಿ ಶೇ. 2.9. ಕೊನೆಯದು ವಯಸ್ಸಾದಾಗ ಅಥವಾ ಹಾಸಿಗೆ ಹಿಡಿದಾಗ ಆರೈಕೆಗೆ ಇರುವ ವಿಮೆ, ಶೇ. 3.6. ಇವೆಲ್ಲವನ್ನೂ ನೀವು ಅರ್ಧ, ಕಂಪನಿ ಅರ್ಧ ಕಟ್ಟಬೇಕು. 23 ದಾಟಿ ಮಕ್ಕಳಿಲ್ಲದವರು ಆರೈಕೆ ವಿಮೆಗೆ ಇನ್ನೂ ಶೇ. 0.6 ತಾವೇ ಕಟ್ಟಬೇಕು. ಎರಡನೇ ಮಗುವಿನಿಂದ ಸ್ವಲ್ಪ ರಿಯಾಯಿತಿ ಇದೆ.

ಡ್ರೆಸ್ಡನ್, ಲೈಪ್ಜಿಗ್ ಕಡೆಗೆ ಹೋಗುವವರಿಗೆ ಒಂದು ತಮಾಷೆಯ ವಿಷಯ. ಸಾಕ್ಸನಿ ರಾಜ್ಯದಲ್ಲಿ ಆರೈಕೆ ವಿಮೆ ಅರ್ಧರ್ಧ ಅಲ್ಲ. ಕೆಲಸಗಾರರದು ಶೇ. 2.3, ಕಂಪನಿಯದು ಶೇ. 1.3. 1995ರಲ್ಲಿ ಈ ವಿಮೆ ಬಂದಾಗ ಕಂಪನಿಗಳ ಹೊರೆ ಇಳಿಸಲು ಉಳಿದ ರಾಜ್ಯಗಳು ನವೆಂಬರ್ ತಿಂಗಳ ಒಂದು ಸರ್ಕಾರಿ ರಜೆಯನ್ನು ಬಿಟ್ಟುಕೊಟ್ಟವು. ಸಾಕ್ಸನಿಯವರು ರಜೆ ಬಿಡಲಿಲ್ಲ. ಆ ಒಂದು ದಿನದ ರಜೆಗೆ ಇವತ್ತಿಗೂ ದುಡ್ಡು ಕಟ್ಟುತ್ತಿದ್ದಾರೆ.

ಈಗ ಲೆಕ್ಕ. 5,000 ಬ್ರೂಟೊ ಇದ್ದು, ಒಂದು ಮಗು ಇದ್ದರೆ ನಿಮ್ಮ ಪಾಲಿನ ನಾಲ್ಕು ವಿಮೆಗೆ ಸುಮಾರು 1,057 ಯೂರೋ. ಆದಾಯ ತೆರಿಗೆ ಒಂದನೇ ಕ್ಲಾಸಿನಲ್ಲಿ ಸುಮಾರು 790, ಮೂರನೇ ಕ್ಲಾಸಿನಲ್ಲಿ ಸುಮಾರು 410. ಕೈಗೆ ಬರುವುದು ಒಂದನೇ ಕ್ಲಾಸಿನಲ್ಲಿ 3,150ರ ಆಸುಪಾಸು, ಮೂರನೆಯದರಲ್ಲಿ 3,530ರ ಆಸುಪಾಸು. ಕ್ಲಾಸಿನ ಕಥೆ ಮುಂದೆ ಹೇಳುತ್ತೇನೆ.

ಕಂಪನಿಯ ಕಡೆಯಿಂದ ನೋಡಿ. ನಿಮ್ಮ 5,000ದ ಮೇಲೆ ಅವರ ಪಾಲಿನ ವಿಮೆ ಇನ್ನೊಂದು 1,057. ಇದಲ್ಲದೆ ಅಪಘಾತ ವಿಮೆ ಪೂರ್ತಿ ಕಂಪನಿಯದೇ. ಮನೆಯಿಂದ ಆಫೀಸಿಗೆ ಹೋಗುವ ದಾರಿಯಲ್ಲಿ ಸೈಕಲ್‌ನಿಂದ ಬಿದ್ದರೂ ಅದು ಅನ್ವಯಿಸುತ್ತದೆ. ಹೆರಿಗೆ ರಜೆಯ ಸಂಬಳಕ್ಕೆ, ಕಂಪನಿ ದಿವಾಳಿಯಾದರೆ ಕೆಲಸಗಾರರಿಗೆ ಕೊಡುವ ಸಂಬಳಕ್ಕೆ ಎಂದು ಸಣ್ಣ ಸಣ್ಣ ವಂತಿಗೆಗಳೂ ಇವೆ. ಎಲ್ಲ ಸೇರಿ 6,100ರ ಹತ್ತಿರ. ಅಂದರೆ ಕಂಪನಿ 6,100 ಬಿಚ್ಚಿದರೆ ನಿಮ್ಮ ಮನೆಗೆ ಬರುವುದು ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ.

ಸಂಬಳ ಒಂದು ಮಿತಿ ದಾಟಿದ ಮೇಲೆ ವಿಮೆಗೆ ಹೋಗುವ ಶೇಕಡಾ ಇಳಿಯುತ್ತದೆ. ಆರೋಗ್ಯ ಮತ್ತು ಆರೈಕೆ ವಿಮೆಯನ್ನು ತಿಂಗಳಿಗೆ 5,812.50 ಯೂರೋವರೆಗೆ ಮಾತ್ರ ಲೆಕ್ಕ ಹಾಕುತ್ತಾರೆ, ಪಿಂಚಣಿ ಮತ್ತು ನಿರುದ್ಯೋಗ ವಿಮೆಯನ್ನು 8,450ರವರೆಗೆ. ವರ್ಷಕ್ಕೆ 60,000 ಕೊಟ್ಟರೆ ಕಂಪನಿಗೆ ವಿಮೆಯ ಖರ್ಚು ಸುಮಾರು 12,700. 1,00,000 ಕೊಟ್ಟರೆ ಸುಮಾರು 18,000.

ಕಾಗದದ ಮೇಲೆ ಕಾಣದ ಖರ್ಚು ಇನ್ನೂ ಇದೆ. ನೀವು ಕಾಯಿಲೆ ಬಿದ್ದರೆ ಮೊದಲ ಆರು ವಾರ ಪೂರ್ತಿ ಸಂಬಳ ಕಂಪನಿಯೇ ಕೊಡಬೇಕು. ಆಮೇಲೆ ಕ್ರಾಂಕನ್‌ಕಾಸ್ಸೆ ಕೊಡುತ್ತದೆ, ಸ್ವಲ್ಪ ಕಡಿಮೆ. ವಾರಕ್ಕೆ ಐದು ದಿನದ ಕೆಲಸಕ್ಕೆ ವರ್ಷಕ್ಕೆ ಕನಿಷ್ಠ 20 ದಿನ ರಜೆ ಕಾನೂನು. ಬಹಳಷ್ಟು ಕಂಪನಿಗಳಲ್ಲಿ 28ರಿಂದ 30. ಹುಷಾರಿಲ್ಲದಾಗ ಲ್ಯಾಪ್‌ಟಾಪ್ ತೆರೆದು ಕೂರಬೇಡಿ. ಅದನ್ನು ಇಲ್ಲಿ ಯಾರೂ ಮೆಚ್ಚುವುದಿಲ್ಲ.

ತೆರಿಗೆ ಕ್ಲಾಸು: ಕುಟುಂಬದವರು ಎಡವುವ ಜಾಗ

ಇಲ್ಲಿ ಸಂಬಳದ ತೆರಿಗೆಗೆ ಆರು ಕ್ಲಾಸುಗಳಿವೆ. ಒಬ್ಬರೇ ಇದ್ದರೆ ಒಂದು. ನಿಮ್ಮ ಮನೆಯವರು ಇನ್ನೂ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ, ಮದುವೆಯಾಗಿದ್ದರೂ ನೀವು ಒಂದನೇ ಕ್ಲಾಸೇ. ಅವರು ಬಂದು, ಇಬ್ಬರೂ ಒಂದೇ ವಿಳಾಸದಲ್ಲಿ ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಮಾಡಿಸಿದ ಮೇಲೆ ನಾಲ್ಕು-ನಾಲ್ಕು ಆಗುತ್ತದೆ, ಅಂದರೆ ಇಬ್ಬರಿಗೂ ನಾಲ್ಕನೇ ಕ್ಲಾಸು. ಅದಕ್ಕೆ ಮದುವೆ ಸರ್ಟಿಫಿಕೇಟು ಮತ್ತು ಅದರ ಜರ್ಮನ್ ಅನುವಾದ ಜೊತೆಯಲ್ಲಿರಲಿ. ಬೇಕಿದ್ದರೆ ತೆರಿಗೆ ಕಚೇರಿಗೆ ಅರ್ಜಿ ಹಾಕಿ ಮೂರು-ಐದು ಮಾಡಿಸಿಕೊಳ್ಳಬಹುದು: ಒಬ್ಬರಿಗೆ ಕಡಿಮೆ ಕಡಿಯುವ ಮೂರು, ಇನ್ನೊಬ್ಬರಿಗೆ ಹೆಚ್ಚು ಕಡಿಯುವ ಐದು. ಒಬ್ಬರಿಗೆ ಮಾತ್ರ ಸಂಬಳ ಇದ್ದರೆ ಮೂರು-ಐದು ತಿಂಗಳ ಕೈಖರ್ಚಿಗೆ ಅನುಕೂಲ.

ಮೂರು-ಐದು ಅಂದರೆ ಉಳಿತಾಯ ಎಂದು ಸುಮಾರು ಜನ ತಿಳಿದಿದ್ದಾರೆ. ಅದು ಬರೀ ತಿಂಗಳ ಹಂಚಿಕೆ. ವರ್ಷದ ಕೊನೆಗೆ ಇಬ್ಬರ ತೆರಿಗೆ ಒಟ್ಟಿಗೆ ಲೆಕ್ಕವಾಗುತ್ತದೆ, ಯಾವ ಕ್ಲಾಸಿದ್ದರೂ ಮೊತ್ತ ಅದೇ. ಮೂರು-ಐದು ಆರಿಸಿ ಇಬ್ಬರೂ ದುಡಿದರೆ ಮುಂದಿನ ವರ್ಷ ಜುಲೈ 31ರೊಳಗೆ ರಿಟರ್ನ್ ಹಾಕುವುದು ಕಡ್ಡಾಯ. ಕೆಲವೊಮ್ಮೆ ಕೈಯಿಂದ ದುಡ್ಡು ಕಟ್ಟಬೇಕಾಗಿಯೂ ಬರುತ್ತದೆ.

ಐದನೇ ಕ್ಲಾಸಿನಲ್ಲಿ ಇರುವವರು ಸಾಮಾನ್ಯವಾಗಿ ಹೆಂಡತಿ. ಅವರಿಗೆ ಕೆಲಸ ಸಿಕ್ಕಿದಾಗ ನೆಟ್ಟೊ ತೀರಾ ಸಣ್ಣದಾಗಿ ಕಾಣುತ್ತದೆ. "ಇಷ್ಟಕ್ಕೆ ಯಾಕೆ ಹೋಗಬೇಕು?" ಎನ್ನುವ ಮಾತು ಮನೆಯಲ್ಲಿ ಬರುತ್ತದೆ. ಅದು ಲೆಕ್ಕ ತಪ್ಪಿದ ಮಾತು. ಇನ್ನೂ ದೊಡ್ಡ ವಿಷಯ ಇದೆ: ಮಗು ಹುಟ್ಟಿದ ಮೇಲೆ ತಂದೆ-ತಾಯಿಗೆ ಸಿಗುವ ಸರ್ಕಾರಿ ಭತ್ಯೆ ಎಲ್ಟರ್ನ್‌ಗೆಲ್ಡನ್ನು ನೆಟ್ಟೊ ಮೇಲೆ ಲೆಕ್ಕ ಹಾಕುತ್ತಾರೆ. ಸುಮಾರಾಗಿ ಅದರ ಶೇ. 65, ತಿಂಗಳಿಗೆ ಹೆಚ್ಚೆಂದರೆ 1,800. ತಾಯಿ ಐದನೇ ಕ್ಲಾಸಿನಲ್ಲಿದ್ದರೆ ಅದೂ ಕುಗ್ಗುತ್ತದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಹೆಚ್ಚು ಕಾಲ ಯಾವ ಕ್ಲಾಸು ಇತ್ತೋ ಅದನ್ನೇ ಹಿಡಿಯುತ್ತಾರೆ. ಹಾಗಾಗಿ ಮಗುವಿನ ಯೋಚನೆ ಇದ್ದರೆ ಕ್ಲಾಸು ಬದಲಾಯಿಸುವ ಮಾತು ಮೊದಲೇ ಆಡಿ, ಏಳನೇ ತಿಂಗಳಲ್ಲಿ ಅಲ್ಲ.

ಇನ್ನೊಂದು ಉಪಯೋಗದ ಮಾತು. ಮನೆಯವರು ಡಿಸೆಂಬರ್‌ನಲ್ಲಿ ಬಂದು ಇಲ್ಲಿ ನೆಲೆಸಿದರೂ ಆ ವರ್ಷದ ರಿಟರ್ನನ್ನು ಇಬ್ಬರೂ ಒಟ್ಟಿಗೆ ಹಾಕಬಹುದು. ಅವರಿಗೆ ಆ ವರ್ಷ ಭಾರತದಲ್ಲಿ ಸಂಬಳ ಇದ್ದಿದ್ದರೆ ಅದನ್ನೂ ತೋರಿಸಬೇಕು, ತೆರಿಗೆ ದರ ಅದರಿಂದ ಏರುತ್ತದೆ.

ಆರನೇ ಕ್ಲಾಸು ನನಗೇ ಬಂದಿತ್ತು. ಆನ್‌ಮೆಲ್ಡುಂಗ್ ಆದ ಮೇಲೆ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರಬೇಕು. ನಮ್ಮ ಪೋಸ್ಟ್ ಡಬ್ಬಿಯ ಮೇಲೆ ನನ್ನ ಹೆಸರೇ ಇರಲಿಲ್ಲ, ಕಾಗದ ವಾಪಸ್ ಹೋಯಿತು. ಸಂಖ್ಯೆ ಇಲ್ಲ ಅಂತ ಕಂಪನಿಯವರು ಅತಿ ಹೆಚ್ಚು ತೆರಿಗೆಯ ಆರನೇ ಕ್ಲಾಸಿನಲ್ಲಿ ಕಡಿದರು. ಆ ತಿಂಗಳು ಬಾಡಿಗೆ ಕಟ್ಟಿ ಉಳಿದ ದುಡ್ಡಿನಲ್ಲಿ ಅನ್ನ, ಮೊಸರು, ಊರಿಂದ ತಂದ ಉಪ್ಪಿನಕಾಯಿ. ಸಂಖ್ಯೆ ಸಿಕ್ಕ ಮೇಲೆ ಹೆಚ್ಚು ಕಡಿದದ್ದು ವಾಪಸ್ ಬಂತು. ಸಂಖ್ಯೆ ತಡವಾದದ್ದು ನಿಮ್ಮ ತಪ್ಪಲ್ಲದಿದ್ದರೆ ಮೂರು ತಿಂಗಳವರೆಗೆ ಸರಿಯಾದ ಕ್ಲಾಸಿನಲ್ಲೇ ಕಡಿಯಲು ಕಂಪನಿಗೆ ಅವಕಾಶ ಇದೆ, ಕೇಳಿ ನೋಡಿ. ಮೊದಲು ಡಬ್ಬಿಯ ಮೇಲೆ ಹೆಸರು ಅಂಟಿಸಿ.

ಆನ್‌ಮೆಲ್ಡುಂಗ್ ಫಾರ್ಮಿನಲ್ಲಿ ಧರ್ಮದ ಕಾಲಂ ಇರುತ್ತದೆ. ಮಂಗಳೂರು ಕಡೆಯ ಕ್ರೈಸ್ತ ಕುಟುಂಬಗಳು ಇದನ್ನು ಗಮನಿಸಿ. ಕ್ಯಾಥೊಲಿಕ್ ಎಂದು ಬರೆದರೆ ಚರ್ಚ್ ತೆರಿಗೆ ಶುರುವಾಗುತ್ತದೆ. ಬವೇರಿಯಾ ಮತ್ತು ಬಾಡನ್-ವ್ಯುರ್ಟೆಂಬರ್ಗ್‌ನಲ್ಲಿ ಆದಾಯ ತೆರಿಗೆಯ ಶೇ. 8, ಉಳಿದ ಕಡೆ ಶೇ. 9. ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು, ಗೊತ್ತಿದ್ದು ಬರೆಯಿರಿ.

ನನ್ನ ಸಂಬಳ ಸರಿಯಾಗಿದೆಯಾ?

ಇದನ್ನು ರೂಪಾಯಿಗೆ ಬದಲಿಸಿ ನೋಡಬೇಡಿ. ಊರಿನವರಿಗೆ ಹೇಳಲು ಚೆನ್ನಾಗಿರುತ್ತದೆ, ಬಾಡಿಗೆ ಕಟ್ಟಲು ಪ್ರಯೋಜನವಿಲ್ಲ.

ಕೇಂದ್ರ ಅಂಕಿಅಂಶ ಕಚೇರಿಯ ಲೆಕ್ಕದಲ್ಲಿ 2024ರಲ್ಲಿ ಪೂರ್ಣಾವಧಿ ಕೆಲಸಗಾರರ ನಡುಮಧ್ಯದ ವಾರ್ಷಿಕ ಬ್ರೂಟೊ 52,159 ಯೂರೋ, ಬೋನಸ್ ಎಲ್ಲ ಸೇರಿ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಂತವರದು ಇದು. ಕೆಳಗಿನ ಹತ್ತನೇ ಒಂದು ಪಾಲಿನವರಿಗೆ 32,526 ಅಥವಾ ಅದಕ್ಕಿಂತ ಕಡಿಮೆ. ಮೇಲಿನ ಹತ್ತನೇ ಒಂದು ಪಾಲಿಗೆ 97,680 ಅಥವಾ ಹೆಚ್ಚು. ಪತ್ರಿಕೆಗಳಲ್ಲಿ ಬರುವ 'ಸರಾಸರಿ' ಇದಕ್ಕಿಂತ ದೊಡ್ಡದಾಗಿರುತ್ತದೆ, ಏಕೆಂದರೆ ದೊಡ್ಡ ಸಂಬಳದವರು ಅದನ್ನು ಮೇಲೆ ಎಳೆಯುತ್ತಾರೆ. ನಡುಮಧ್ಯದ ಸಂಖ್ಯೆಯನ್ನೇ ಹಿಡಿಯಿರಿ.

ಹಾಗಂತ 60,000 ಎಲ್ಲ ಊರಿನಲ್ಲೂ ಒಂದೇ ಅಲ್ಲ. ಲೈಪ್ಜಿಗ್‌ನಲ್ಲಿ ಅದು ನಿರಾಳ. ಮ್ಯೂನಿಕ್‌ನಲ್ಲಿ ಇಬ್ಬರು ಮಕ್ಕಳೊಂದಿಗೆ ಒಬ್ಬರ ಸಂಬಳ ಅಂದರೆ ಕೈ ಬಿಗಿ ಹಿಡಿಯಬೇಕು.

ಬ್ಲೂ ಕಾರ್ಡ್‌ಗೆ (ಓದಿದ ಪರಿಣತರಿಗೆ ಕೊಡುವ ಕೆಲಸ ಮತ್ತು ವಾಸದ ಪರವಾನಗಿ) 2026ರಲ್ಲಿ ಕನಿಷ್ಠ ವಾರ್ಷಿಕ ಸಂಬಳ 50,700. ಐಟಿಯಂಥ ಜನ ಸಾಲದ ಕೆಲಸಗಳಿಗೆ ಮತ್ತು ಹೊಸದಾಗಿ ಓದು ಮುಗಿಸಿದವರಿಗೆ 45,934.20. ಇದು ಪಿಂಚಣಿ ವಿಮೆಯ ಮೇಲಿನ ಮಿತಿಗೆ ಕಟ್ಟಿದ ಸಂಖ್ಯೆ, ಅದಕ್ಕೇ ಪ್ರತಿ ವರ್ಷ ಏರುತ್ತದೆ. ನಿಮ್ಮ ಆಫರ್ ಸರಿಯಾಗಿ ಈ ಗೆರೆಯ ಮೇಲೇ ನಿಂತಿದ್ದರೆ, ಕಂಪನಿ ಕಾನೂನಿಗೆ ಎಷ್ಟು ಬೇಕೋ ಅಷ್ಟೇ ಕೊಟ್ಟಿದೆ ಎಂದು ಅರ್ಥ. ಅನುಭವ ಇದ್ದವರು ಅಲ್ಲಿಗೆ ಒಪ್ಪಿಕೊಳ್ಳಬೇಕಿಲ್ಲ.

ಆಫರ್ ನೋಡುವಾಗ ವಾರ್ಷಿಕ ಮೊತ್ತವನ್ನು ಎಷ್ಟು ಕಂತಿನಲ್ಲಿ ಕೊಡುತ್ತಾರೆ ಎಂದು ಕೇಳಿ. ಕೆಲವು ಕಡೆ 12, ಕೆಲವು ಕಡೆ ಕ್ರಿಸ್‌ಮಸ್ ಹಣ ಸೇರಿ 13. ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿಗೆ ಬರುವವರು ಶೇಕಡಾ ನೋಡಿ. 'ಇ13, ಶೇ. 65' ಎಂದರೆ ಇ13 ಎನ್ನುವ ವೇತನ ದರ್ಜೆಯ ಪೂರ್ತಿ ಸಂಬಳ ಅಲ್ಲ, ಅದರ ಶೇ. 65 ಮಾತ್ರ.

ಡೆಪ್ಯುಟೇಶನ್ ಮೇಲೆ ಬಂದವರಿಗೆ

ಬೆಂಗಳೂರಿನ ಕಂಪನಿಯೇ ಕಳಿಸಿದ್ದರೆ ಲೆಕ್ಕ ಬೇರೆ. ಭಾರತ ಮತ್ತು ಜರ್ಮನಿ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಊರಿನ ಪಿಎಫ್ ಸಂಸ್ಥೆ ಇಪಿಎಫ್‌ಒ ಕೊಡುವ ಪ್ರಮಾಣಪತ್ರ ಇದ್ದರೆ 48 ತಿಂಗಳವರೆಗೆ ಇಲ್ಲಿನ ಪಿಂಚಣಿ ವಿಮೆ ಕಡಿಯುವುದಿಲ್ಲ, ಊರಿನ ಪಿಎಫ್ ಮುಂದುವರಿಯುತ್ತದೆ. ಕೈಗೆ ದುಡ್ಡು ಜಾಸ್ತಿ ಬರುತ್ತದೆ. ಆದರೆ ಇಲ್ಲೇ ನೆಲೆಸುವ ಮನಸ್ಸಿದ್ದರೆ ಯೋಚಿಸಿ. ಕಾಯಂ ವಾಸದ ಪರವಾನಗಿಗೆ ಇಲ್ಲಿನ ಪಿಂಚಣಿ ವಿಮೆ ಕಟ್ಟಿದ ತಿಂಗಳುಗಳನ್ನು ಎಣಿಸುತ್ತಾರೆ. ಬ್ಲೂ ಕಾರ್ಡ್‌ನಲ್ಲಿ ಅದು 27 ತಿಂಗಳು. ಬಿ1 ಮಟ್ಟದ ಜರ್ಮನ್ ಬಂದರೆ 21. ಡೆಪ್ಯುಟೇಶನ್ ಮೇಲೆ ನಾಲ್ಕು ವರ್ಷ ಕಳೆದು, ಆಮೇಲೆ ಸೊನ್ನೆಯಿಂದ ಎಣಿಸಿದವರು ನಮ್ಮ ನಡುವೆಯೇ ಇದ್ದಾರೆ.

ಮನೆಯವರ ಕೆಲಸ, ಮನೆಗೆ ಕೆಲಸದವರು

ಕುಟುಂಬ ವೀಸಾ ಮೇಲೆ ಬಂದ ಗಂಡ ಅಥವಾ ಹೆಂಡತಿ ಇಲ್ಲಿ ಕೆಲಸ ಮಾಡಬಹುದು, ಬೇರೆ ಅನುಮತಿ ಬೇಡ. ಶುರುವಿಗೆ ಹಲವರು 'ಮಿನಿಜಾಬ್' ಹಿಡಿಯುತ್ತಾರೆ. ತಿಂಗಳಿಗೆ 603 ಯೂರೋವರೆಗೆ. ಕನಿಷ್ಠ ಕೂಲಿ ಗಂಟೆಗೆ 13.90 ಇರುವುದರಿಂದ ಅದು ತಿಂಗಳಿಗೆ 43 ಗಂಟೆ ಚಿಲ್ಲರೆ ಕೆಲಸ. ಅಷ್ಟರೊಳಗೆ ಇದ್ದರೆ ಸರ್ಕಾರಿ ಕ್ರಾಂಕನ್‌ಕಾಸ್ಸೆಯಲ್ಲಿ ನಿಮ್ಮ ಜೊತೆ ಬಿಟ್ಟಿ ಕುಟುಂಬ ವಿಮೆ ಉಳಿಯುತ್ತದೆ. ಮಿನಿಜಾಬಿನಲ್ಲೇ ವರ್ಷಗಟ್ಟಲೆ ಕೂರಬೇಡಿ ಎನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ನಿರುದ್ಯೋಗ ವಿಮೆ ಇಲ್ಲ, ಪಿಂಚಣಿಯೂ ಅಷ್ಟಕ್ಕಷ್ಟೇ.

ಇನ್ನು ನೀವೇ ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಳ್ಳುವ ವಿಷಯ. ಮನೆ ಒರೆಸಲು, ಮಗು ನೋಡಿಕೊಳ್ಳಲು ಯಾರಾದರೂ ಬಂದರೆ 'ಕೈಗೆ ಕೊಟ್ಟು ಕಳಿಸೋಣ' ಎನ್ನುವ ಊರಿನ ರೂಢಿ ಇಲ್ಲಿ ಕಾನೂನುಬಾಹಿರ. ಮಿನಿಜಾಬ್ ಕಚೇರಿಯಲ್ಲಿ ಒಂದು ಪುಟದ ಫಾರ್ಮ್ ತುಂಬಿದರೆ ಆಯಿತು. ಕೂಲಿಯ ಮೇಲೆ ಸುಮಾರು ಶೇ. 15 ನೀವು ಕಟ್ಟಬೇಕು. ಖರ್ಚಿನ ಶೇ. 20, ವರ್ಷಕ್ಕೆ 510 ಯೂರೋವರೆಗೆ, ನಿಮ್ಮ ತೆರಿಗೆಯಲ್ಲಿ ವಾಪಸ್ ಬರುತ್ತದೆ. ಅವರು ನಿಮ್ಮ ಮನೆಯಲ್ಲಿ ಜಾರಿ ಬಿದ್ದರೆ ವಿಮೆ ಇರುತ್ತದೆ.

ದೋಸೆ ಅಂಗಡಿ ಹಾಕುವ ಕನಸಿನವರಿಗೆ ಲೆಕ್ಕ ಇನ್ನೂ ಬಿಗಿ. ಅಂಗಡಿಯ ಮಿನಿಜಾಬಿಗೆ ಮಾಲೀಕರ ಖರ್ಚು ಕೂಲಿಯ ಮೇಲೆ ಶೇ. 30ಕ್ಕೂ ಮೇಲೆ. 603 ಕೊಟ್ಟರೆ ನಿಮಗೆ ಬೀಳುವುದು 790 ದಾಟುತ್ತದೆ. ಪೂರ್ಣಾವಧಿ ಅಡುಗೆಯವರಿಗೆ 3,000 ಕೊಟ್ಟರೆ 3,650ರ ಮೇಲೆ. ಅವರಿಗೂ ರಜೆ ಇದೆ, ಕಾಯಿಲೆಯ ಸಂಬಳ ಇದೆ. ಒಂದು ದೋಸೆಗೆ ಇಲ್ಲಿ ಇಷ್ಟು ಯಾಕೆ ಎಂದು ಗೊಣಗುವವರು ಇದನ್ನೊಮ್ಮೆ ಓದಬೇಕು.

ಸಂಬಳ ಜಾಸ್ತಿ ಕೇಳುವಾಗ

100 ಯೂರೋ ಬ್ರೂಟೊ ಏರಿದರೆ ಕಂಪನಿಗೆ 121 ಬೀಳುತ್ತದೆ, ನಿಮಗೆ ಅದರ ಅರ್ಧವೂ ಬರಲಿಕ್ಕಿಲ್ಲ. ಅದಕ್ಕೇ ತೆರಿಗೆಯೂ ವಿಮೆಯೂ ಇಲ್ಲದೆ ಕೊಡಬಹುದಾದದ್ದನ್ನು ಕೇಳಿ. ಸಂಬಳದ ಮೇಲೆ ಹೆಚ್ಚುವರಿಯಾಗಿ ಕೊಟ್ಟರೆ, ಇನ್ನೂ ಶಾಲೆಗೆ ಸೇರದ ಮಗುವಿನ ಕಿಟಾ (ಶಿಶುವಿಹಾರ) ಶುಲ್ಕಕ್ಕೆ ಕಂಪನಿ ಕೊಡುವ ದುಡ್ಡು ಪೂರ್ತಿ ನಿಮ್ಮದು. ಬರ್ಲಿನ್‌ನಲ್ಲಿ ಕಿಟಾ ಉಚಿತ, ಬೇರೆ ಎಷ್ಟೋ ಊರುಗಳಲ್ಲಿ ಅದೇ ದೊಡ್ಡ ಖರ್ಚು. ಬಸ್ಸು-ರೈಲಿನ ಪಾಸು, ತಿಂಗಳಿಗೆ 50 ಯೂರೋವರೆಗಿನ ವೋಚರು ಕೂಡ ಹಾಗೇ.

ಕಿಂಡರ್‌ಗೆಲ್ಡ್, ಅಂದರೆ ಸರ್ಕಾರ ಕೊಡುವ ಮಕ್ಕಳ ಭತ್ಯೆ, ಒಂದು ಮಗುವಿಗೆ ತಿಂಗಳಿಗೆ 259. ಅದು ಪೇಸ್ಲಿಪ್ಪಿನಲ್ಲಿ ಬರುವುದಿಲ್ಲ, ಬೇರೆ ಅರ್ಜಿ ಹಾಕಬೇಕು. ಹಿಂದಿನ ಆರು ತಿಂಗಳಿನದು ಮಾತ್ರ ಕೊಡುತ್ತಾರೆ, ಆದ್ದರಿಂದ ಮಗುವಿನ ಆನ್‌ಮೆಲ್ಡುಂಗ್ ಆದ ವಾರವೇ ಹಾಕಿಬಿಡಿ. ಪೇಸ್ಲಿಪ್ಪುಗಳನ್ನು ಒಂದು ಫೈಲಿನಲ್ಲಿ ಇಡಿ. ಮನೆ ಮಾಲೀಕರು, ವೀಸಾ ಕಚೇರಿ, ಎಲ್ಟರ್ನ್‌ಗೆಲ್ಡ್ ಕಚೇರಿ, ಮೂವರೂ ಅದನ್ನೇ ಕೇಳುತ್ತಾರೆ. ಓದಲು ಕಷ್ಟವಾದರೆ ಹೆಸರು, ಸಂಖ್ಯೆ ಮುಚ್ಚಿ ಸಂಘದ ಕಾರ್ಯಕ್ರಮಕ್ಕೆ ತನ್ನಿ. ಊಟದ ಸಾಲಿನಲ್ಲಿ ನಿಂತುಕೊಂಡೇ ನೋಡೋಣ.