ಏಕಬಳಕೆಯ ಪ್ಲಾಸ್ಟಿಕ್ ಪ್ಯಾಕೇಜಿಂಗ್ ತಗ್ಗಿಸುವ ಸರ್ಕಾರಿ ನೀತಿಯನ್ನು ರೂಪಿಸುವುದು ಹೇಗೆ?

ಎಲ್ಲ ಪ್ಲಾಸ್ಟಿಕ್ಕನ್ನೂ ಒಂದೇ ಆದೇಶದಲ್ಲಿ ನಿಷೇಧಿಸಲು ಹೊರಡುವ ಬದಲು, ಕ್ಷಣಕಾಲ ಬಳಕೆಯಾಗಿ ಕಸವಾಗುವ, ಸಂಗ್ರಹಿಸಲು ಕಷ್ಟವಾದ ಹಾಗೂ ಮರುಸಂಸ್ಕರಣೆಗೆ ಒಗ್ಗದ ವಸ್ತುಗಳನ್ನು ಮೊದಲು ಪಟ್ಟಿ ಮಾಡಬೇಕು. ಶಾಂಪೂ ಸ್ಯಾಷೆಯನ್ನೇ ಗಮನಿಸಿ: ಅದರಲ್ಲಿ ಬೇರೆ ಬೇರೆ ವಸ್ತುಗಳ ಪದರಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬೇರ್ಪಡಿಸುವುದು ದುಬಾರಿ, ತೂಕವೂ ತೀರಾ ಕಡಿಮೆಯಾದ್ದರಿಂದ ಚಿಂದಿ ಆಯುವವರಿಗೆ ಅದನ್ನು ಹೆಕ್ಕಿದರೆ ಏನೂ ಗಿಟ್ಟುವುದಿಲ್ಲ.

ಪಟ್ಟಿ ಸಿದ್ಧವಾದ ಬಳಿಕ ಒಂದೊಂದು ವಸ್ತುವಿಗೂ ತಕ್ಕ ಕ್ರಮವನ್ನು ಆರಿಸಿಕೊಳ್ಳಬೇಕು. ಸ್ಟ್ರಾ, ಚಮಚ, ತಟ್ಟೆಗಳಂತೆ ಪರ್ಯಾಯ ಸುಲಭವಾಗಿ ದೊರೆಯುವ ಕಡೆ ನಿಷೇಧವೇ ಸರಿ; ಐರೋಪ್ಯ ಒಕ್ಕೂಟ 2021ರಲ್ಲಿ ಹಾಗೆಯೇ ಮಾಡಿತು. ಕೈಚೀಲಗಳಿಗೆ ಗ್ರಾಹಕರೇ ತೆರುವ ಶುಲ್ಕ ಪರಿಣಾಮಕಾರಿ: ಐರ್ಲೆಂಡ್ 2002ರಲ್ಲಿ ಚೀಲವೊಂದಕ್ಕೆ 15 ಸೆಂಟ್ ವಿಧಿಸಿದಾಗ ಬಳಕೆ ಸುಮಾರು ಶೇ. 90ರಷ್ಟು ಕುಸಿಯಿತು. ಬಾಟಲಿಗಳಿಗೆ ಠೇವಣಿ ಪದ್ಧತಿ ಸಾಕು: ಕೊಳ್ಳುವಾಗ ಕಟ್ಟಿದ ಸಣ್ಣ ಮೊತ್ತ ಖಾಲಿ ಬಾಟಲಿ ಹಿಂದಿರುಗಿಸಿದಾಗ ಮರಳಿ ಸಿಗುತ್ತದೆ.

ಉಳಿದ ಪ್ಯಾಕೇಜಿಂಗ್‌ಗೆ ಉತ್ಪಾದಕರನ್ನೇ ಹೊಣೆಯಾಗಿಸಿ, ಮರುಸಂಸ್ಕರಿಸಲಾಗದ ವಿನ್ಯಾಸಕ್ಕೆ ಹೆಚ್ಚಿನ ಶುಲ್ಕ ನಿಗದಿಪಡಿಸಬೇಕು. ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ಮುಖ್ಯ, ಏಕೆಂದರೆ ಕಸದ ಸ್ವರೂಪ ನಿರ್ಧಾರವಾಗುವುದು ವಿನ್ಯಾಸದ ಹಂತದಲ್ಲಿಯೇ.

ಕಾನೂನಿನ ವ್ಯಾಖ್ಯೆ ಬಿಗಿಯಾಗಿರಲಿ. ತೆಳುವಾದ ಚೀಲಗಳನ್ನಷ್ಟೇ ನಿಷೇಧಿಸಿದರೆ, ತುಸು ದಪ್ಪನೆಯವು ‘ಮರುಬಳಕೆಯ ಚೀಲ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, ಪ್ಲಾಸ್ಟಿಕ್ಕಿನ ಒಟ್ಟು ತೂಕ ಹೆಚ್ಚಿಬಿಡಬಹುದು. ತಪಾಸಣೆಯನ್ನು ತಯಾರಕರು ಮತ್ತು ಆಮದುದಾರರಿಂದ ಆರಂಭಿಸಬೇಕೇ ಹೊರತು, ಬೀದಿಬದಿಯ ವ್ಯಾಪಾರಿಗೆ ದಂಡ ಹಾಕುವುದರಿಂದಲ್ಲ.