ಟೆಕ್ಸಾಸ್‌ನಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಮಾಡಿಸಿಕೊಂಡಿದ್ದು

ನಾನು ಎಚ್1ಬಿ ಅನ್ನುವ ಕೆಲಸದ ವೀಸಾ ಮೇಲೆ ಡಲ್ಲಾಸ್‌ನಲ್ಲಿದ್ದೆ. ಜೊತೆಗಿದ್ದ ಸಂಗಾತಿ ಅಮೆರಿಕದ ಪ್ರಜೆ, ನಾವಿಬ್ಬರೂ ಗಂಡಸರು. ಮದುವೆ ಅಂದರೆ ಗಂಡು-ಹೆಣ್ಣಿನದು ಮಾತ್ರ ಅಂತ 1996ರ ಫೆಡರಲ್ ಕಾನೂನು ಹೇಳುತ್ತಿತ್ತು. ಹಾಗಾಗಿ ಇಮಿಗ್ರೇಷನ್‌ನವರ ಲೆಕ್ಕದಲ್ಲಿ ನಾವು ರೂಮ್‌ಮೇಟ್‌ಗಳು, ಅಷ್ಟೇ. 2013ರ ಜೂನ್ 26ರಂದು ವಿಂಡ್ಸರ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾನೂನಿನ ಆ ಸೆಕ್ಷನ್ ತೆಗೆದುಹಾಕಿತು.

ನಾವಿದ್ದ ಟೆಕ್ಸಾಸ್ ರಾಜ್ಯ ಸಲಿಂಗಿ ಮದುವೆಯನ್ನು ಆಗಿನ್ನೂ ಒಪ್ಪಿರಲಿಲ್ಲ. ಆದರೆ ಇಮಿಗ್ರೇಷನ್‌ನವರು ನೋಡುವುದು ಮದುವೆ ನಡೆದ ಊರಿನ ಕಾನೂನು, ನೀವು ಇರುವ ಊರಿನದಲ್ಲ. ಪಕ್ಕದ ನ್ಯೂ ಮೆಕ್ಸಿಕೋದಲ್ಲಿ 2013ರ ಡಿಸೆಂಬರ್‌ನಿಂದ ದಾರಿ ತೆರೆದಿತ್ತು. ಮರುವರ್ಷ ಸಾಂಟಾ ಫೆಗೆ ಹೋಗಿ, ಇಬ್ಬರು ಗೆಳೆಯರ ಸಾಕ್ಷಿ ಹಾಕಿಸಿ ಮದುವೆಯಾದೆವು.

ಐ-130 (ಇವನು ನನ್ನ ಗಂಡ ಅಂತ ಅವನು ಹಾಕುವ ಅರ್ಜಿ), ಐ-485 (ಗ್ರೀನ್ ಕಾರ್ಡಿಗೆ ನಾನು ಹಾಕುವ ಅರ್ಜಿ) ಒಟ್ಟಿಗೇ ಕಳಿಸಿದೆವು. ಪ್ರಜೆಯ ಗಂಡನಿಗೆ, ಒಂದೊಂದು ದೇಶದವರಿಗೆ ವರ್ಷಕ್ಕೆ ಇಂತಿಷ್ಟೇ ಅನ್ನುವ ಕೋಟಾ ಇಲ್ಲ. ಕಂಪನಿ ಮೂಲಕ ಅರ್ಜಿ ಹಾಕಿದ ನನ್ನ ಸಹೋದ್ಯೋಗಿಗಳು ಇನ್ನೂ ಕ್ಯೂನಲ್ಲಿದ್ದಾರೆ. ಅರ್ಜಿಗೆ ಜನನ ಪ್ರಮಾಣಪತ್ರ ಬೇಕು, ನಾನು ಹುಟ್ಟಿದ್ದು ಮನೆಯಲ್ಲಿ, ನೋಂದಣಿ ಆಗಿರಲಿಲ್ಲ. ದಾಖಲೆ ಇಲ್ಲ ಅನ್ನುವ ಸರ್ಟಿಫಿಕೇಟು, ಹಿರಿಯರಿಬ್ಬರ ಅಫಿಡವಿಟ್ಟು ತರಿಸಿದೆ. "ಯಾತಕ್ಕೋ?" ಅಂದರು ಸೋದರಮಾವ. "ಗ್ರೀನ್ ಕಾರ್ಡಿಗೆ ಮಾವ" ಅಂದೆ. ಸುಳ್ಳೇನಲ್ಲವಲ್ಲ!

ನಿಜವಾದ ಕಷ್ಟ ಬೇರೆ. ಮದುವೆ ಅಸಲಿ ಅಂತ ತೋರಿಸಬೇಕು. ಯಾರಿಗೂ ಗೊತ್ತಾಗದಿರಲಿ ಅಂತಲೇ ನಾವು ವರ್ಷಗಟ್ಟಲೆ ಬದುಕಿದ್ದೆವು. ಮನೆ ಬಾಡಿಗೆಯ ಕರಾರು (ಲೀಸ್) ಒಬ್ಬನ ಹೆಸರಲ್ಲಿ, ಬ್ಯಾಂಕ್ ಖಾತೆ ಬೇರೆ ಬೇರೆ, ಜೊತೆಗಿರುವ ಫೋಟೋ ಅಪರೂಪ. ಅಡಗಿಸಿಟ್ಟಿದ್ದಕ್ಕೇ ಈಗ ಪುರಾವೆ ಕೇಳುತ್ತಾರೆ! ಲೀಸ್‌ಗೆ ಇಬ್ಬರ ಹೆಸರೂ ಸೇರಿಸಿದೆವು. ಜಂಟಿ ಖಾತೆ ತೆರೆದು ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು ಎಲ್ಲ ಅಲ್ಲಿಂದಲೇ ನಡೆಸಿದೆವು. ಸುಮ್ನೆ ದುಡ್ಡು ಹಾಕಿಟ್ಟ ಖಾತೆಗೆ ಬೆಲೆ ಕಡಿಮೆ. ಇನ್ಶೂರೆನ್ಸ್‌ನಲ್ಲಿ ಒಬ್ಬರಿಗೊಬ್ಬರು ನಾಮಿನಿ ಆದೆವು. ಫೆಡರಲ್ ಟ್ಯಾಕ್ಸ್ ಗಂಡ-ಗಂಡ ಅಂತಲೇ ಜಂಟಿಯಾಗಿ ಕಟ್ಟಿದೆವು. ಹಳೇ ವರ್ಷಗಳಿಗೆ ಕಾಗದ ಇರಲಿಲ್ಲ, ಗೆಳೆಯರ ಪತ್ರಗಳೇ ಆಧಾರ.

ಇಂಟರ್‌ವ್ಯೂನಲ್ಲಿ ಅಧಿಕಾರಿ ಕೇಳಿದ್ದು, "ನಿಮ್ಮ ಅಪ್ಪ ಅಮ್ಮ ಮದುವೆಗೆ ಬಂದಿದ್ದರಾ?" ಇಲ್ಲ, ಅವರಿಗೆ ಹೇಳಿಲ್ಲ ಅಂದೆ. ಗೊತ್ತಿದ್ದವಳು ಅಕ್ಕ ಒಬ್ಬಳೇ. ಅವಳ ಪತ್ರ ಫೈಲಿನಲ್ಲಿ ಮೊದಲೇ ಇತ್ತು. ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ಕಾರಣವನ್ನು ನೀವೇ ಮೊದಲು ಬರೆದುಕೊಡಿ. ಅವರು ಕೇಳಿದ ಮೇಲೆ ತಡವರಿಸುವುದಕ್ಕಿಂತ ಅದು ಎಷ್ಟೋ ವಾಸಿ.

ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ, ಹಾಗಾಗಿ ಸಿಕ್ಕಿದ್ದು ಎರಡೇ ವರ್ಷ ನಡೆಯುವ ಷರತ್ತಿನ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ, ಷರತ್ತು ತೆಗೆಯಿರಿ ಅಂತ ಕೇಳುವ ಐ-751 ಅರ್ಜಿ ಹಾಕಬೇಕು, ಅದಕ್ಕೂ ಇದೇ ಪುರಾವೆ ಬೇಕು. ಕಾರ್ಡು ಬಂತು ಅಂತ ಬಿಲ್ಲುಗಳನ್ನು ಎಸೆಯಬೇಡಿ.