ರೊಟ್ಟಿ, ನೀರು, ಡಬ್ಬಿ: ಕೆಲಸಕ್ಕೆ ಹೋಗುವ ತಾಯಂದಿರು ಮುಂಜಾನೆ ಹೊಂದಿಸಿಕೊಳ್ಳುವುದು ಹೇಗೆ

"ಇನ್ನೂ ಬೇಗ ಏಳಿ, ಎಲ್ಲ ಸರಿಹೋಗುತ್ತದೆ" ಎಂಬ ಸಲಹೆ ನಮ್ಮ ಕಡೆ ಕೆಲಸಕ್ಕೆ ಬರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಲ್ಲಿ ತಾಯಿ ಐದರ ಸುಮಾರಿಗೆ ಎದ್ದೇ ಇರುತ್ತಾಳೆ. ನಾಲ್ಕೂವರೆಗೆ ಎದ್ದರೆ ಆ ಅರ್ಧ ಗಂಟೆಯೂ ಒಲೆ ಮುಂದೆಯೇ ಹೋಗುತ್ತದೆ, ನಿದ್ದೆ ಮಾತ್ರ ಕಡಿಮೆಯಾಗುತ್ತದೆ. ಇಲ್ಲಿ ಮುಂಜಾನೆಯ ಹೊತ್ತು ತಿನ್ನುವ ಕೆಲಸ ಎರಡು: ಜೋಳದ ರೊಟ್ಟಿ ಬಡಿಯುವುದು, ನಳದ ನೀರು ಹಿಡಿಯುವುದು. ಇವೆರಡೂ ಒಂದೇ ದಿನ, ಒಂದೇ ಹೊತ್ತಿಗೆ, ಒಬ್ಬಳ ಮೇಲೆಯೇ ಬೀಳದಂತೆ ನೋಡಿಕೊಂಡರೆ ಅರ್ಧ ಗಡಿಬಿಡಿ ನಿಂತಂತೆ.

ಮೊದಲು ಒಂದು ಹಾಳೆ ತೆಗೆದುಕೊಂಡು ಮನೆ ಬಿಡುವ ಹೊತ್ತನ್ನು ಬರೆಯಿರಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಮಕ್ಕಳ ವ್ಯಾನ್ ಎಂಟಕ್ಕೆ ಬರುತ್ತದೆ ಎಂದರೆ ಡಬ್ಬಿ ಏಳೂವರೆಗೆ ಮುಚ್ಚಿರಬೇಕು, ಮಕ್ಕಳು ಏಳಕ್ಕೆ ನಾಷ್ಟಾಕ್ಕೆ ಕೂತಿರಬೇಕು, ಆರೂ ನಲವತ್ತಕ್ಕೆ ಎದ್ದಿರಬೇಕು. ಅಂದರೆ ಒಲೆಯ ಮುಖ್ಯ ಕೆಲಸ ಮಕ್ಕಳು ಏಳುವುದರೊಳಗೆ ಮುಗಿಯಬೇಕು. ಮಕ್ಕಳು ಎದ್ದ ಮೇಲೆ ಹಂಚಿನ ಮೇಲೆ ರೊಟ್ಟಿ ಇದ್ದರೆ ರೊಟ್ಟಿಯೂ ಸುಡುತ್ತದೆ, ಮಕ್ಕಳ ಮೇಲೆ ಕೂಗಾಟವೂ ಆಗುತ್ತದೆ. ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಮುಂಜಾನೆಯ ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಿದೆ. ಹೀಗಾಗಿ ಬಸ್ಸಿಗೆ ಹೋಗುವವರು ಬೇಕಾದ ಬಸ್ಸಿಗಿಂತ ಒಂದು ಮುಂಚಿನ ಬಸ್ಸನ್ನೇ ಲೆಕ್ಕಕ್ಕೆ ಹಿಡಿಯಿರಿ. ಗುರುತಿನ ಚೀಟಿ ಬ್ಯಾಗಿನ ಹೊರ ಜೇಬಿನಲ್ಲೇ ಇರಲಿ, ಮನೆಯಲ್ಲಿ ತೆಗೆದಿಡುವ ರೂಢಿ ಬೇಡ.

ರೊಟ್ಟಿಯ ಲೆಕ್ಕ

ನಾಲ್ಕು ಜನರ ಮನೆಗೆ ಒಂದು ಹೊತ್ತಿಗೆ ಹತ್ತು ರೊಟ್ಟಿ ಎಂದಿಟ್ಟುಕೊಳ್ಳಿ. ಇದಕ್ಕೆ ಸುಮಾರು ಅರ್ಧ ಕಿಲೋ ಹಿಟ್ಟು, 400ರಿಂದ 450 ಎಂ.ಎಲ್. ನೀರು ಬೇಕು. ಕೈ ಪಳಗಿದವರಿಗೆ ಎಸರು (ಹಿಟ್ಟಿಗೆ ಕುದಿಸುವ ನೀರು) ಇಟ್ಟಲ್ಲಿಂದ ಕೊನೆಯ ರೊಟ್ಟಿ ಇಳಿಯುವವರೆಗೆ ನಲವತ್ತರಿಂದ ಐವತ್ತು ನಿಮಿಷ ಹಿಡಿಯುತ್ತದೆ. ಈ ಹೊತ್ತನ್ನು ಇನ್ನೂ ಇಳಿಸಲು ಹೋದರೆ ರೊಟ್ಟಿ ಕೆಡುತ್ತದೆ. ಆದರೆ ಕೆಟ್ಟ ರೊಟ್ಟಿಗಳಿಂದಲೇ ಹಾಳಾಗುವ ಹತ್ತು ಹದಿನೈದು ನಿಮಿಷ ಖಂಡಿತ ಉಳಿಸಬಹುದು.

ಬಡಿಯುವಾಗ ಅಂಚು ಒಡೆಯುತ್ತಿದ್ದರೆ ಕಾರಣ ಸಾಮಾನ್ಯವಾಗಿ ಎಸರಿನಲ್ಲಿ ಇರುತ್ತದೆ, ಇಲ್ಲವೇ ಹಿಟ್ಟಿನಲ್ಲಿ. ಜೋಳದ ಹಿಟ್ಟಿಗೆ ಗೋಧಿಯಂತೆ ತನ್ನದೇ ಜಿಗುಟಿಲ್ಲ. ಕುದಿಯುವ ನೀರು ಬಿದ್ದಾಗ ಅದರಲ್ಲಿರುವ ಪಿಷ್ಟ ಬೆಂದು ಅಂಟು ಬರುತ್ತದೆ, ಅದೇ ಜಿಗಿ. ನೀರು ಬರೀ ಬಿಸಿಯಾದರೆ ಸಾಲದು, ಗುಳುಗುಳು ಕುದಿಯಬೇಕು. ಕುದಿಯುವ ನೀರಿಗೆ ಚಿಟಿಕೆ ಉಪ್ಪು ಹಾಕಿ, ಅರ್ಧದಷ್ಟು ಹಿಟ್ಟು ಸುರಿದು, ಕಲಸಿ, ಮುಚ್ಚಿ ಐದು ನಿಮಿಷ ಬಿಡಿ. ಆಮೇಲೆ ಉಳಿದ ಒಣ ಹಿಟ್ಟು ಸೇರಿಸುತ್ತ ನಾದಿ, ಬಡಿಯುವಾಗ ಉದುರಿಸಲು ಒಂದು ಹಿಡಿ ಮಾತ್ರ ಉಳಿಸಿಕೊಳ್ಳಿ. ಎಲ್ಲ ಹಿಟ್ಟನ್ನೂ ಒಮ್ಮೆಗೇ ನಾದಿಟ್ಟರೆ ಆರನೆಯ ರೊಟ್ಟಿಯ ಹೊತ್ತಿಗೆ ಮುದ್ದೆ ಒಣಗಿರುತ್ತದೆ. ಎರಡು ಮೂರು ರೊಟ್ಟಿಗೆ ಸಾಕಾಗುವಷ್ಟೇ ನಾದಿಕೊಳ್ಳಿ, ಉಳಿದದ್ದನ್ನು ಒದ್ದೆ ಬಟ್ಟೆ ಮುಚ್ಚಿ ಇಡಿ.

ಬೀಸಿಸಿದ ಹಿಟ್ಟು ಹಳೆಯದಾದಷ್ಟೂ ಜಿಗಿ ಕಡಿಮೆ. ತಿಂಗಳಿಗಾಗುವಷ್ಟು ಒಮ್ಮೆಗೇ ಗಿರಣಿಗೆ ಹಾಕಿಸಿ ಬಿಡುವ ಬದಲು ಹದಿನೈದು ದಿನಕ್ಕೆ ಸಾಕಾಗುವಷ್ಟೇ ಬೀಸಿಸಿ. ಬೇಸಿಗೆಯಲ್ಲಿ ಹತ್ತು ದಿನಕ್ಕಾಗುವಷ್ಟು ಸಾಕು. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲದಂಡಿ ತಳಿ ಸಿಕ್ಕರೆ ಬಡಿಯುವುದು ಸಲೀಸು.

ರೊಟ್ಟಿ ಉಬ್ಬದಿದ್ದರೆ ನೀರು ಸವರುವ ಹೊತ್ತನ್ನು ಗಮನಿಸಿ. ರೊಟ್ಟಿ ಹಂಚಿಗೆ ಬಿದ್ದ ಕೂಡಲೇ, ಮೇಲಿನ ಒಣ ಹಿಟ್ಟು ಕಾಣದಂತೆ, ಒದ್ದೆ ಬಟ್ಟೆಯಿಂದ ಅಂಚಿನವರೆಗೂ ಸವರಬೇಕು. ಆ ನೀರು ಆರುತ್ತಿದ್ದಂತೆಯೇ, ಪೂರ್ತಿ ಒಣಗುವ ಮುಂಚೆ, ತಿರುವಿ ಹಾಕಬೇಕು. ತಡವಾದರೆ ಮೇಲ್ಮೈ ಬಿರಿದು ಹಬೆ ಹೊರಗೆ ಹೋಗುತ್ತದೆ. ಮೊದಲ ರೊಟ್ಟಿ ಹಂಚಿಗೆ ಅಂಟುತ್ತಿದ್ದರೆ ಹಂಚು ಕಾದಿಲ್ಲ ಎಂದರ್ಥ. ಒಂದು ಹನಿ ನೀರು ಚಿಮುಕಿಸಿ, ಅದು ಚುರ್ ಎಂದು ಹಾರಿಹೋಗಬೇಕು.

ದಿನಾ ಮುಂಜಾನೆ ಮೆತ್ತನ್ನ ರೊಟ್ಟಿಯೇ ಬೇಕು ಎಂಬ ಹಟವನ್ನು ಮನೆಮಂದಿ ಬಿಡಬೇಕು. ಮುಂಜಾನೆ ಆರಕ್ಕೆ ಮಾಡಿದ ರೊಟ್ಟಿ ಮಧ್ಯಾಹ್ನ ಒಂದಕ್ಕೆ ಡಬ್ಬಿಯಲ್ಲಿ ಬಿರುಸಾಗಿಯೇ ಇರುತ್ತದೆ, ಏಕೆಂದರೆ ಬೆಂದ ಪಿಷ್ಟ ಆರಿದಂತೆ ಗಟ್ಟಿಯಾಗುತ್ತದೆ. ಬಿಸಿ ರೊಟ್ಟಿ ರಾತ್ರಿ ಊಟಕ್ಕೆ ಇರಲಿ, ಆಗ ಎಲ್ಲರೂ ಮನೆಯಲ್ಲಿ ಕೂತು ಉಣ್ಣುತ್ತಾರೆ. ಮಕ್ಕಳ ಡಬ್ಬಿಗೆ ಚಪಾತಿಯೋ ಅನ್ನವೋ ಸಾಕು. ದೊಡ್ಡವರ ಡಬ್ಬಿಗೆ ಖಡಕ್ ರೊಟ್ಟಿ: ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ತೇವ ಪೂರ್ತಿ ಹೋಗುವವರೆಗೆ ಒಣಗಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಒಣ ಡಬ್ಬದಲ್ಲಿ ಇಟ್ಟರೆ ಎರಡು ವಾರ ಏನೂ ಆಗುವುದಿಲ್ಲ. ಒಂದು ರವಿವಾರ ನೆರೆಮನೆಯವರೊಂದಿಗೆ ಸೇರಿ ನಲವತ್ತು ರೊಟ್ಟಿ ಮಾಡಿಕೊಳ್ಳಬಹುದು. ಸ್ವಸಹಾಯ ಸಂಘದ ಮಹಿಳೆಯರು ಮಾಡಿ ಮಾರುವ ರೊಟ್ಟಿ ತರಿಸಿಕೊಂಡರೂ ಕಡಿಮೆ ಏನಲ್ಲ. ಕೊಂಡ ರೊಟ್ಟಿ ತಂದರೆ ಗೃಹಿಣಿಗೆ ಸೋಮಾರಿತನ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಎರಡು ಒಲೆಗಳ ಓಟ

ಮುಂಜಾನೆಯೇ ರೊಟ್ಟಿ ಬಡಿಯುವ ದಿನ ಐದೂಕಾಲಕ್ಕೆ ಎದ್ದು ಬೇಳೆ ತೊಳೆದು ನೆನೆ ಹಾಕಿ. ನಾಲ್ಕು ಜನಕ್ಕೆ 150 ಗ್ರಾಂ ತೊಗರಿಬೇಳೆ ಸಾಕು. ಐದೂವರೆಗೆ ಎಡ ಒಲೆಯಲ್ಲಿ ಎಸರು, ಬಲ ಒಲೆಯಲ್ಲಿ ಹಾಲು. ಹಾಲು ಉಕ್ಕಿ ಇಳಿಯುವ ಹೊತ್ತಿಗೆ ಎಸರು ಸಿದ್ಧವಾಗುತ್ತದೆ. ಎಡಕ್ಕೆ ಹಂಚು, ಬಲಕ್ಕೆ ಬೇಳೆಯ ಕುಕ್ಕರ್. ರೊಟ್ಟಿ ಅರ್ಧವಾಗುವಷ್ಟರಲ್ಲಿ ಕುಕ್ಕರ್ ಇಳಿಯುತ್ತದೆ, ಆ ಒಲೆಗೆ ಪಲ್ಯದ ಬಾಣಲೆ. ಚಪಾತಿಯ ದಿನವೂ ಇದೇ ಕ್ರಮ, ಎಸರಿನ ಜಾಗದಲ್ಲಿ ಚಹಾ ಬರುತ್ತದೆ ಅಷ್ಟೆ. ಚಪಾತಿ ಹಿಟ್ಟು ರಾತ್ರಿಯೇ ನಾದಿ ಫ್ರಿಜ್‌ನಲ್ಲಿಟ್ಟು, ಎದ್ದ ಕೂಡಲೇ ಹೊರಗೆ ತೆಗೆದಿಡಿ.

ಪಲ್ಯ ದಿನಕ್ಕೊಂದೇ. ಪುಂಡಿ ಸೊಪ್ಪಿನ (ಗೋಂಗುರ) ಪಲ್ಯ ಮಾಡಿದರೆ ಎರಡು ದಿನಕ್ಕಾಗುವಷ್ಟು ಮಾಡಿ, ಅದರ ಹುಳಿಯಿಂದ ಬೇಗ ಕೆಡುವುದಿಲ್ಲ, ಮರುದಿನ ರುಚಿಯೂ ಹೆಚ್ಚು. ಬೇಸಿಗೆಯಲ್ಲಿ ಅದನ್ನೂ ಫ್ರಿಜ್‌ನಲ್ಲೇ ಇಡಿ. ಪಲ್ಯವೇ ಆಗದ ದಿನಕ್ಕೆ ಶೇಂಗಾ ಹಿಂಡಿ ಇರಲೇಬೇಕು. ಅರ್ಧ ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆದು, ಎರಡು ಗಡ್ಡೆ ಬೆಳ್ಳುಳ್ಳಿ, ಮೂರು ಚಮಚ ಖಾರದ ಪುಡಿ, ಒಂದು ಚಮಚ ಜೀರಿಗೆ, ಉಪ್ಪು ಹಾಕಿ ಮಿಕ್ಸರ್ ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ಪುಡಿ ಮಾಡಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಶೇಂಗಾ ಬಿಸಿ ಇರುವಾಗಲೇ ಹಾಕಿದರೂ ಹಾಗೆಯೇ. ಒದ್ದೆ ಚಮಚ ಮುಟ್ಟಿಸದಿದ್ದರೆ ಹದಿನೈದು ದಿನ ಚೆನ್ನಾಗಿರುತ್ತದೆ.

ಬಿಸಿ ಚಪಾತಿ, ಬಿಸಿ ಅನ್ನವನ್ನು ಡಬ್ಬಿಗೆ ಹಾಕಿ ಕೂಡಲೇ ಮುಚ್ಚಬೇಡಿ. ಹಬೆ ನೀರಾಗಿ ಇಳಿದು ಚಪಾತಿ ಒದ್ದೆಯಾಗುತ್ತದೆ, ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಹಳಸಿದ ವಾಸನೆ ಬರುತ್ತದೆ. ಹತ್ತು ನಿಮಿಷ ತೆರೆದಿಟ್ಟು ಮುಚ್ಚಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿಯೂಟ ಇರುವುದರಿಂದ ಡಬ್ಬಿ ಬೇಡ, ಆದರೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಕಳಿಸಬೇಡಿ.

ನೀರು ಬರುವ ದಿನ

ಭೀಮಾ, ಬೆಣ್ಣೆತೊರೆಯ ನೀರು ಕಲಬುರಗಿಯ ಎಲ್ಲ ಬಡಾವಣೆಗೂ ದಿನಾ ಬರುವುದಿಲ್ಲ. ಆದ್ದರಿಂದ ಒಂದೇ ವೇಳಾಪಟ್ಟಿ ಸಾಲದು, ನೀರಿನ ದಿನಕ್ಕೆ ಬೇರೆಯದೇ ಬೇಕು. ಆ ದಿನ ಮುಂಜಾನೆ ರೊಟ್ಟಿ, ಚಪಾತಿ ಎರಡೂ ಇಲ್ಲ. ನಾಷ್ಟಾಕ್ಕೆ ಸುಸಲಾ, ಡಬ್ಬಿಗೆ ಚಿತ್ರಾನ್ನ ಅಥವಾ ತಹರಿ (ಮಸಾಲೆ ಅನ್ನ). ಸುಸಲಾಕ್ಕೆ ನಾಲ್ಕು ಜನಕ್ಕೆ 200 ಗ್ರಾಂ ಚುರುಮುರಿ. ನೀರಿನಲ್ಲಿ ಅದ್ದಿದ ಕೂಡಲೇ ಹಿಂಡಿ ತೆಗೆಯಿರಿ, ನೆನೆಯಲು ಬಿಟ್ಟರೆ ಅಂಬಲಿಯಾಗುತ್ತದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ, ನಾಲ್ಕು ಚಮಚ ಪುಟಾಣಿ ಹಿಟ್ಟು ಉದುರಿಸಿ ನಿಂಬೆಹಣ್ಣು ಹಿಂಡಿದರೆ ಹದಿನೈದು ನಿಮಿಷದ ಕೆಲಸ.

ನಳ ಬಂದ ಕೂಡಲೇ ಮೊದಲ ಐದು ನಿಮಿಷದ ಕಲಕು ನೀರನ್ನು ಅಂಗಳ ತೊಳೆಯಲು, ಗಿಡಕ್ಕೆ ಹಿಡಿಯಿರಿ. ಆಮೇಲೆ ಕುಡಿಯುವ ಕೊಡಗಳು, ಕೊನೆಗೆ ಸಂಪು. ಈ ಕ್ರಮ ತಿರುಗಿದರೆ, ನೀರು ನಡುವೆ ನಿಂತ ದಿನ ಕುಡಿಯಲೇ ಇರುವುದಿಲ್ಲ. ತುಂಬಿಟ್ಟ ಕೊಡ, ಡ್ರಮ್‌ಗಳನ್ನು ಬಿಗಿಯಾಗಿ ಮುಚ್ಚಿ, ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ತಿಕ್ಕಿ ತೊಳೆಯಿರಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಹೆಚ್ಚುಕಡಿಮೆ ಎಂಟು ಹತ್ತು ದಿನ ಸಾಕು.

ನೀರಿನ ಕೆಲಸ ಪೂರ್ತಿ ಮನೆಯ ಗಂಡಸರದಾಗಲಿ. "ಸ್ವಲ್ಪ ಕೈ ಹಚ್ರಿ" ಎಂದರೆ ಹೊಣೆ ನಿಮ್ಮ ಮೇಲೆಯೇ ಉಳಿಯುತ್ತದೆ. ನಳ ಬಂತೇ ಎಂದು ನೋಡುವುದು, ಮೋಟಾರು ಹಾಕುವುದು, ಆರಿಸುವುದು, ಕೊಡ ತುಂಬುವುದು ಎಲ್ಲವೂ ಒಬ್ಬರದೇ ಆಗಬೇಕು. "ನೀರಿನ ದಿನ ಎಲ್ಲಾ ನೀವೇ ನೋಡ್ಕೋರಿ, ನಾನು ಒಲಿ ಬಿಟ್ಟು ಬರಂಗಿಲ್ಲ" ಎಂದು ಒಮ್ಮೆ ನೇರವಾಗಿ ಹೇಳಿಬಿಡಿ. ಅತ್ತೆಯವರಿದ್ದರೆ ಕೂತು ಮಾಡುವ ಕೆಲಸ ಕೇಳಿ: ಸೊಪ್ಪು ಸೋಸುವುದು, ಬೆಳ್ಳುಳ್ಳಿ ಸುಲಿಯುವುದು, ಮಗುವಿನ ಜಡೆ ಹಾಕುವುದು. ಆರು ವರ್ಷದ ಮಗು ತನ್ನ ನೀರಿನ ಬಾಟಲಿ ತುಂಬಬಲ್ಲದು, ಒಂಬತ್ತರದು ಹಾಸಿಗೆ ಮಡಚಿ ಬ್ಯಾಗ್ ತುಂಬಬಲ್ಲದು. ಮೊದಲ ಎರಡು ವಾರ ತಪ್ಪುತ್ತದೆ, ಆದರೂ ನೀವು ಮತ್ತೆ ಮಾಡಿಕೊಡಬೇಡಿ.

ರಾತ್ರಿಯ ಇಪ್ಪತ್ತು ನಿಮಿಷ

ಊಟದ ಭಾಂಡೆ ತೊಳೆದ ಮೇಲೆ ಡಬ್ಬಿಗಳನ್ನು ಮುಚ್ಚಳ ತೆಗೆದು ಒಲೆ ಪಕ್ಕ ಸಾಲಾಗಿ ಇಡಿ. ಸಮವಸ್ತ್ರದಿಂದ ಕಾಲುಚೀಲದವರೆಗೆ ಒಂದೇ ಕುರ್ಚಿಯ ಮೇಲೆ. ಪಲ್ಯದ ಕಾಯಿಪಲ್ಯ ಹೆಚ್ಚಿ ಫ್ರಿಜ್‌ಗೆ. ಉಳ್ಳಾಗಡ್ಡಿ ಮಾತ್ರ ಮುಂಜಾನೆಯೇ ಹೆಚ್ಚಿ, ರಾತ್ರಿ ಹೆಚ್ಚಿದರೆ ಕಟುವಾಗಿ ಫ್ರಿಜ್ ತುಂಬ ವಾಸನೆ. ಮಡಕಿಕಾಳು ಬೇಸಿಗೆಯಲ್ಲಿ ಆರು ತಾಸಿಗಿಂತ ಹೆಚ್ಚು ನೀರಿನಲ್ಲಿ ಬಿಟ್ಟರೆ ಹುಳಿ ವಾಸನೆ ಹಿಡಿಯುತ್ತದೆ. ಮುಂಜಾನೆ ಕರೆಂಟ್ ಹೋಗುವ ಊರಿನವರು ರುಬ್ಬುವುದನ್ನೆಲ್ಲ ರಾತ್ರಿಯೇ ಮುಗಿಸಲಿ.

ಚಿಕ್ಕ ಮಕ್ಕಳಿಗೆ ಡಿಸೆಂಬರ್, ಜನವರಿಯಲ್ಲಿ ರಾತ್ರಿಯೇ ಸ್ನಾನ ಮಾಡಿಸಿ. ಬೀದರ್ ಎತ್ತರದಲ್ಲಿದೆ, ಅಲ್ಲಿನ ಮುಂಜಾನೆಯ ಚಳಿಗೆ ಮಕ್ಕಳನ್ನು ಬಚ್ಚಲಿಗೆ ಕರೆದೊಯ್ಯುವುದರಲ್ಲೇ ಇಪ್ಪತ್ತು ನಿಮಿಷ ಹೋಗುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಕನಿಷ್ಠ ಒಂಬತ್ತು ತಾಸು ನಿದ್ದೆ ಬೇಕು, ಅಂದರೆ ಒಂಬತ್ತೂವರೆಗೆ ಮಲಗಿರಬೇಕು. ನಿಮಗೆ ಏಳು ತಾಸು. ಐದೂಕಾಲಕ್ಕೆ ಏಳುವವರು ಹತ್ತಕ್ಕೆ ದೀಪ ಆರಿಸಬೇಕು. ಹನ್ನೊಂದೂವರೆಯವರೆಗೆ ಧಾರಾವಾಹಿ, ಫೋನು ನೋಡಿದ ಮರುದಿನ ಯಾವ ವೇಳಾಪಟ್ಟಿಯೂ ನಿಲ್ಲುವುದಿಲ್ಲ.

ನಿಮ್ಮ ಹೊಟ್ಟೆ

ಎಲ್ಲರಿಗೂ ಬಡಿಸಿ ನಿಂತುಕೊಂಡೇ ಎರಡು ತುತ್ತು ತಿಂದು ಚಹಾ ಕುಡಿದು ಓಡುವುದು ಮೊದಲು ನಿಲ್ಲಬೇಕು. ಊಟದ ಜೊತೆ ಚಹಾ ಕುಡಿದರೆ ಜೋಳ, ಬೇಳೆ, ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ, ರಕ್ತಹೀನತೆ ಇರುವವರಿಗೆ ಇದು ದೊಡ್ಡ ನಷ್ಟ. ಚಹಾ ಎದ್ದ ಕೂಡಲೇ ಆಗಲಿ, ನಾಷ್ಟಾ ಒಂದು ತಾಸಿನ ಮೇಲೆ. ನಾಷ್ಟಾದ ಜೊತೆ ನಿಂಬೆಹಣ್ಣಿನ ಹುಳಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಮಕ್ಕಳು ಏಳಕ್ಕೆ ಕೂತಾಗ ನಿಮ್ಮ ತಾಟೂ ಅಲ್ಲೇ ಇರಲಿ, ಹತ್ತು ನಿಮಿಷ ಯಾರು ಕರೆದರೂ ಏಳಬೇಡಿ.

ಬೇಸಿಗೆ ಬಂದಾಗ

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಮುಂಜಾನೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಹತ್ತರ ಕಚೇರಿಗೆ ಹೊಂದಿಕೊಂಡವರಿಗೆ ಎಲ್ಲವೂ ಎರಡು ತಾಸು ಹಿಂದಕ್ಕೆ ಬರುತ್ತದೆ. ಆದರೆ ಆಗ ಮಕ್ಕಳಿಗೆ ರಜೆ, ಡಬ್ಬಿ ಇಲ್ಲ, ನೀವೂ ಊಟಕ್ಕೆ ಮನೆಗೇ ಬರುತ್ತೀರಿ. ಹೀಗಾಗಿ ಮೂರೂಕಾಲಕ್ಕೆ ಏಳುವ ಅಗತ್ಯವಿಲ್ಲ. ಮುಂಜಾನೆ ನಾಷ್ಟಾ ಒಂದನ್ನೇ ಮಾಡಿ, ಮಧ್ಯಾಹ್ನಕ್ಕೆ ಖಡಕ್ ರೊಟ್ಟಿ, ಮೊಸರು, ಹಿಂಡಿ, ಹಸಿ ಉಳ್ಳಾಗಡ್ಡಿ ಇರಲಿ, ಒಲೆ ಹೊತ್ತಿಸುವ ಅಡುಗೆ ಸಂಜೆಗೆ. ಹಾಲು ಬಂದ ಕೂಡಲೇ ಕಾಯಿಸಿ, ರಾತ್ರಿ ಉಳಿದ ಬೇಳೆಯನ್ನು ಹೊರಗೆ ಬಿಡಬೇಡಿ.

ಇದೆಲ್ಲವನ್ನೂ ಸೋಮವಾರದಿಂದ ಒಮ್ಮೆಗೇ ಹಿಡಿದರೆ ಗುರುವಾರ ಬಿಟ್ಟುಹೋಗುತ್ತದೆ. ಮೊದಲ ವಾರ ರಾತ್ರಿಯ ಇಪ್ಪತ್ತು ನಿಮಿಷ ಮಾತ್ರ ಹಿಡಿಯಿರಿ. ಎರಡನೆಯ ವಾರ ನೀರಿನ ಕೆಲಸವನ್ನು ವಹಿಸಿಕೊಡಿ. ರೊಟ್ಟಿಯನ್ನು ರಾತ್ರಿಗೆ ಸಾಗಿಸುವುದು ಮೂರನೆಯ ವಾರಕ್ಕೆ, ಮನೆಯ ಹಿರಿಯರು ಮುಂಜಾನೆ ಬಿಸಿ ರೊಟ್ಟಿಗೆ ಒಗ್ಗಿದ್ದರೆ ಅವರಿಗಾಗಿ ಎರಡೇ ರೊಟ್ಟಿ ಬಡಿದರೆ ಸಾಕು.